ಟರ್ಬೊ ಬೇಕಾ, ಸಾದಾ ಎಂಜಿನ್ ಸಾಕಾ: ಪೆಟ್ರೋಲ್ ಕಾರು ಬುಕ್ ಮಾಡುವ ಮುಂಚೆ

ಮಾರುತಿ ಫ್ರಾಂಕ್ಸ್ ನೋಡಲು ಹೋದರೆ ಎರಡು ಪೆಟ್ರೋಲ್ ಎಂಜಿನ್ ಇವೆ ಅನ್ನುತ್ತಾರೆ. ಒಂದು 1.2 ಲೀಟರಿನ ಸಾದಾ ಎಂಜಿನ್, ಅಂದರೆ ಟರ್ಬೊ ಇಲ್ಲದ್ದು, 90 ಪಿಎಸ್ (ಎಂಜಿನ್ನಿನ ಶಕ್ತಿಯ ಅಳತೆ). ಇನ್ನೊಂದು 1.0 ಲೀಟರಿನ ಬೂಸ್ಟರ್‌ಜೆಟ್ ಟರ್ಬೊ, 100 ಪಿಎಸ್. ಹ್ಯುಂಡೈ ವೆನ್ಯೂ ಕೇಳಿದರೂ ಹಾಗೇ. 1.2 ಸಾದಾಗೆ 83 ಪಿಎಸ್, 1.0 ಟರ್ಬೊಗೆ 120 ಪಿಎಸ್. ಟೆಸ್ಟ್ ಡ್ರೈವಿಗೆ ಟರ್ಬೊ ಕೊಟ್ಟರೆ ಮನಸ್ಸು ಅಲ್ಲೇ ಜಾರಿಬಿಡುತ್ತದೆ. ಮನೆಗೆ ಬಂದ ಮೇಲೆ ಚಿಕ್ಕಪ್ಪನೋ ಆಫೀಸಿನ ಗೆಳೆಯನೋ ಹೇಳುತ್ತಾರೆ: "ಟರ್ಬೊ ಪೆಟ್ರೋಲ್ ತಗೋಬೇಡ ಮಾರಾಯ, ಐದು ವರ್ಷ ಆದಮೇಲೆ ಕೈ ಕಚ್ಚುತ್ತೆ."

ನನಗೂ ಒಮ್ಮೆ ಕಚ್ಚಿದೆ. ಆದರೂ ಟರ್ಬೊ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಎಷ್ಟು ದೂರ ಓಡಿಸುತ್ತೀರಿ, ಕಾರನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಆಯಿಲ್ ಬದಲಾಯಿಸುವ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು? ಈ ಮೂರಕ್ಕೆ ನಿಮ್ಮ ಹತ್ತಿರ ಪ್ರಾಮಾಣಿಕ ಉತ್ತರ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಟರ್ಬೊ ಬೇರೆ, ಡೈರೆಕ್ಟ್ ಇಂಜೆಕ್ಷನ್ ಬೇರೆ

ಟರ್ಬೊ ಅಂದರೆ ಡೈರೆಕ್ಟ್ ಇಂಜೆಕ್ಷನ್ನೂ ಇದ್ದೇ ಇರುತ್ತದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಮೊದಲು ಈ ಗೊಂದಲ ಬಿಡಿಸಿಕೊಳ್ಳೋಣ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆಯ ರಭಸಕ್ಕೆ ಒಂದು ಸಣ್ಣ ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಇದು ಟರ್ಬೊ. ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುವ ಆ ಶಾಫ್ಟನ್ನು ಹಿಡಿದಿಡುವುದು ಎಂಜಿನ್ ಆಯಿಲಿನ ಒಂದು ತೆಳು ಪದರ, ಅಷ್ಟೇ.

ಡೈರೆಕ್ಟ್ ಇಂಜೆಕ್ಷನ್ ಅಂದರೆ ಪೆಟ್ರೋಲನ್ನು ನೇರ ಸಿಲಿಂಡರಿನ ಒಳಗೇ ಚಿಮ್ಮಿಸುವುದು. ಹಳೆಯ ಬಗೆಯ ಎಂಪಿಎಫ್‌ಐ (ಮಲ್ಟಿ ಪಾಯಿಂಟ್ ಫ್ಯೂಯಲ್ ಇಂಜೆಕ್ಷನ್) ಎಂಜಿನ್ನಿನಲ್ಲಿ ಪೆಟ್ರೋಲು ವಾಲ್ವಿನ ಹೊರಗಡೆ ಬೀಳುತ್ತದೆ, ಗಾಳಿಯ ಜೊತೆ ಬೆರೆತು ಒಳಗೆ ಹೋಗುತ್ತದೆ. ಅಲ್ಲಿ ಪೆಟ್ರೋಲಿನ ಒತ್ತಡ ಮೂರು ನಾಲ್ಕು ಬಾರ್ ಇದ್ದರೆ ಸಾಕು. ಡೈರೆಕ್ಟ್ ಇಂಜೆಕ್ಷನ್ನಿಗೆ 200ರಿಂದ 350 ಬಾರ್ ಬೇಕು. ಅದಕ್ಕೆ ಕ್ಯಾಮ್‌ಶಾಫ್ಟಿನಿಂದ ನಡೆಯುವ ಇನ್ನೊಂದು ಪಂಪು ಬೇಕು, ಆ ಒತ್ತಡವನ್ನೂ ಬೆಂಕಿಯನ್ನೂ ತಡೆಯುವ ಇಂಜೆಕ್ಟರ್ ಬೇಕು. ಎರಡೂ ದುಬಾರಿ.

ಟರ್ಬೊ, ಡೈರೆಕ್ಟ್ ಇಂಜೆಕ್ಷನ್ ಎರಡೂ ಯಾವಾಗಲೂ ಜೊತೆಗೇ ಬರಬೇಕು ಅಂತಿಲ್ಲ. ಟಾಟಾ ನೆಕ್ಸಾನಿನ 1.2 ಟರ್ಬೊ ಎಂಪಿಎಫ್‌ಐ. ನಿಸಾನ್ ಮ್ಯಾಗ್ನೈಟ್, ರೆನೋ ಕೈಗರ್‌ಗಳ 1.0 ಟರ್ಬೊ ಕೂಡ ಎಂಪಿಎಫ್‌ಐ. ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒದಲ್ಲಂತೂ ಒಂದೇ 1.2 ಟರ್ಬೊ ಎರಡು ರೂಪದಲ್ಲಿ ಬರುತ್ತದೆ. ಎಂಪಿಎಫ್‌ಐಗೆ 111 ಪಿಎಸ್, ಡೈರೆಕ್ಟ್ ಇಂಜೆಕ್ಷನ್ನಿಗೆ 131 ಪಿಎಸ್. ಕೊಳ್ಳುವವರು ಎಂಪಿಎಫ್‌ಐ ಟರ್ಬೊ ಅನ್ನುವ ಈ ಮಧ್ಯದ ದಾರಿಯನ್ನು ಗಮನಿಸುವುದೇ ಕಡಿಮೆ. ನನ್ನ ಪ್ರಕಾರ ನಮ್ಮ ರಸ್ತೆಗೆ, ನಮ್ಮ ಸರ್ವಿಸ್ ಅಭ್ಯಾಸಕ್ಕೆ ಇದೇ ತುಂಬಾ ಜನಕ್ಕೆ ಹೊಂದುವ ಆಯ್ಕೆ. ಕಾರಣ ಮುಂದೆ ಬರುತ್ತದೆ.

ಇಷ್ಟು ಚಿಕ್ಕ ಟರ್ಬೊಗಳು ನಮ್ಮಲ್ಲಿ ಯಾಕೆ ತುಂಬಿಕೊಂಡಿವೆ? ತೆರಿಗೆ. ನಾಲ್ಕು ಮೀಟರಿಗಿಂತ ಉದ್ದ ಇರದ, 1200 ಸಿಸಿ ದಾಟದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಅದನ್ನು ದಾಟಿದರೆ ಶೇ. 40. ಅದಕ್ಕೂ ಮುಂಚೆ ಕೂಡ ಸಣ್ಣ ಎಂಜಿನ್ನಿಗೆ ತೆರಿಗೆ ಕಡಿಮೆಯೇ ಇತ್ತು. ಎಂಜಿನ್ ಚಿಕ್ಕದಾಗಿಯೇ ಇರಬೇಕು, ಶಕ್ತಿ ಬೇಕು ಅಂದರೆ ಟರ್ಬೊ ಬಿಟ್ಟರೆ ಬೇರೆ ದಾರಿ ಕಡಿಮೆ.

ವಾಲ್ವಿನ ಮೇಲಿನ ಕರಿ

ನನ್ನದು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಒಂದು ಸೆಡಾನ್. ಟರ್ಬೊ, ಡೈರೆಕ್ಟ್ ಇಂಜೆಕ್ಷನ್. ಯಾವ ಕಂಪನಿಯದು ಅನ್ನುವುದು ಇಲ್ಲಿ ಮುಖ್ಯ ಅಲ್ಲ. 80,000 ಕಿ.ಮೀ. ದಾಟಿದ ಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದರ್ಧ ನಿಮಿಷ ನಡುಗುತ್ತಿತ್ತು. ಬಿಸಿಯಾದ ಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತಿತ್ತು. ಸರ್ವಿಸ್ ಸೆಂಟರಿನವರು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು, ಟ್ಯಾಂಕಿಗೆ ಒಂದು ಬಾಟಲಿ ಕ್ಲೀನರ್ ಸುರಿದರು, ಬಿಲ್ ಕೊಟ್ಟರು. ನಡುಕ ಹೋಗಲಿಲ್ಲ.

ಕೊನೆಗೆ ಮೈಸೂರು ರಸ್ತೆಯ ಒಂದು ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ, ಇನ್‌ಟೇಕ್ ಮ್ಯಾನಿಫೋಲ್ಡ್, ಬಿಚ್ಚಿ ಕರೆದರು. "ಬನ್ನಿ ಸಾರ್, ಒಳಗೆ ನೋಡಿ." ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಸೌದೆ ಒಲೆಯ ಮೇಲೆ ವರ್ಷಗಟ್ಟಲೆ ಇಟ್ಟ ಪಾತ್ರೆಯ ತಳ ಹೇಗಿರುತ್ತದೆ, ವಾಲ್ವ್‌ಗಳು ಹಾಗಿದ್ದವು. ವಾಲ್ವಿನ ಕಾಂಡ ಕಾಣಿಸುತ್ತಲೇ ಇರಲಿಲ್ಲ. ಅವರು ಸ್ಕ್ರೂಡ್ರೈವರಿನ ತುದಿಯಿಂದ ಕೆರೆದರು. ಸೀದ ಪಾಕದ ಹಾಗೆ ಮೇಲೆ ಅಂಟಂಟು, ಒಳಗೆ ಕಲ್ಲಿನ ಹಾಗೆ ಗಟ್ಟಿ. "ಟ್ಯಾಂಕಿಗೆ ಏನು ಹಾಕಿದ್ರೂ ಇಲ್ಲಿಗೆ ಬರಲ್ಲ ಸಾರ್" ಅಂದರು.

ಅವರು ಹೇಳಿದ ಆ ಒಂದು ಮಾತಿನಲ್ಲಿ ಎಲ್ಲಾ ಇದೆ. ಎಂಪಿಎಫ್‌ಐಯಲ್ಲಿ ಪೆಟ್ರೋಲು ವಾಲ್ವಿನ ಬೆನ್ನಿನ ಮೇಲೆ ಬೀಳುತ್ತಾ ಅದನ್ನು ತೊಳೆಯುತ್ತಲೇ ಇರುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲು ವಾಲ್ವನ್ನು ಮುಟ್ಟುವುದೇ ಇಲ್ಲ. ಎಂಜಿನ್ನಿನ ಹೊಟ್ಟೆಯಿಂದ ವಾಪಸ್ ಎಳೆದುಕೊಳ್ಳುವ ಆಯಿಲಿನ ಆವಿ ಮಾತ್ರ ಗಾಳಿಯ ಜೊತೆ ಬಂದು ಬಿಸಿ ವಾಲ್ವಿಗೆ ಅಂಟಿ ಸೀಯುತ್ತದೆ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಇಂಜೆಕ್ಟರಿನ ತುದಿಯನ್ನು ಸ್ವಚ್ಛ ಮಾಡಬಹುದು, ವಾಲ್ವಿಗೆ ಅದು ತಲುಪುವುದೇ ಇಲ್ಲ. ಹಾಗಾಗಿ ಸರ್ವಿಸ್ ಬಿಲ್ಲಿನಲ್ಲಿ ವಾಲ್ವ್ ಕ್ಲೀನಿಂಗ್ ಹೆಸರಲ್ಲಿ ಟ್ಯಾಂಕಿಗೆ ಸುರಿಯುವ ಬಾಟಲಿ ಬರೆದಿದ್ದರೆ ಬೇಡ ಅನ್ನಿ.

ನನ್ನ ಕಾರಿಗೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಕಂಪ್ರೆಸರಿನಿಂದ ಊದಿ ಉಜ್ಜಿದರು. ಆ ಪುಡಿ ಕರಿಯನ್ನು ಕೀಳುತ್ತದೆ, ಲೋಹವನ್ನು ಗೀರುವುದಿಲ್ಲ. ಒಂದು ದಿನದ ಕೆಲಸ. ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ಟೀರಿಂಗಿನ ಮೇಲೆ ಕೈ ಇಟ್ಟೇ ಕೂತಿದ್ದೆ. ನಡುಕ ಇರಲಿಲ್ಲ.

ಎಂಪಿಎಫ್‌ಐ ಟರ್ಬೊ ನನಗೆ ಇಷ್ಟವಾಗುವುದು ಇದಕ್ಕೇ. ಟರ್ಬೊದ ಎಳೆತ ಸಿಗುತ್ತದೆ, ಈ ಕರಿಯ ಕಾಟ ಕಡಿಮೆ, ಹೈ ಪ್ರೆಶರ್ ಪಂಪೂ ಇಲ್ಲ. ಟೊಯೋಟಾ ಕ್ಯಾಮ್ರಿಯಂಥ ಕಾರಿನಲ್ಲಿ ಎರಡೂ ಬಗೆಯ ಇಂಜೆಕ್ಟರ್ ಕೊಟ್ಟು ಈ ತೊಂದರೆ ತಪ್ಪಿಸಿದ್ದಾರೆ. ನಮ್ಮ ಬಜೆಟ್ಟಿನ ಕಾರುಗಳಲ್ಲಿ ಆ ವ್ಯವಸ್ಥೆ ಸಿಗುವುದು ಕಷ್ಟ.

ಟಾಪ್ ಗೇರಿನಲ್ಲಿ ದಿಬ್ಬ ಹತ್ತುವ ಅಭ್ಯಾಸ

ಕರಿ ಕಟ್ಟುವುದು ನಿಧಾನದ ಕಾಯಿಲೆ. ಇನ್ನೊಂದು ತೊಂದರೆ ಒಂದೇ ಏಟಿಗೆ ಪಿಸ್ಟನ್ ಒಡೆಯಬಲ್ಲದು. ಅದರ ಹೆಸರು ಎಲ್‌ಎಸ್‌ಪಿಐ, ಲೋ ಸ್ಪೀಡ್ ಪ್ರೀ-ಇಗ್ನಿಷನ್. ಆರ್‌ಪಿಎಂ ಕಡಿಮೆ ಇದ್ದು, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಸಿಲಿಂಡರಿನ ಗೋಡೆಯ ಆಯಿಲೂ ಪೆಟ್ರೋಲೂ ಬೆರೆತ ಹನಿಯೊಂದು ಸ್ಪಾರ್ಕ್ ಬರುವ ಮುಂಚೆಯೇ ಹತ್ತಿಕೊಳ್ಳುತ್ತದೆ. ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಗೆ ಸುತ್ತಿಗೆಯಿಂದ ಹೊಡೆದ ಹಾಗೆ. ಟರ್ಬೊ ಮತ್ತು ಡೈರೆಕ್ಟ್ ಇಂಜೆಕ್ಷನ್ ಎರಡೂ ಇರುವ ಎಂಜಿನ್ನಿಗೇ ಇದು ಜಾಸ್ತಿ ಬರುವುದು.

ಇದಕ್ಕೆ ಎಂಜಿನ್ ಆಯಿಲಿನಲ್ಲೇ ಮದ್ದು ಹುಡುಕಿದರು. ಆಯಿಲಿಗೆ ಬೆರೆಸುವ ಕ್ಯಾಲ್ಸಿಯಂ ಡಿಟರ್ಜೆಂಟ್ ಜಾಸ್ತಿ ಇದ್ದರೆ ಈ ತೊಂದರೆ ಹೆಚ್ಚುತ್ತದೆ ಅಂತ ಗೊತ್ತಾಯಿತು. ಅದರಲ್ಲಿ ಒಂದಷ್ಟನ್ನು ತೆಗೆದು ಮೆಗ್ನೀಸಿಯಂ ಹಾಕಿದರು. ಆಯಿಲಿಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಎಪಿಐ. ಅದರಿಂದ 2018ರ ಮೇ ತಿಂಗಳಲ್ಲಿ ಎಸ್‌ಎನ್ ಪ್ಲಸ್, 2020ರ ಮೇ ತಿಂಗಳಲ್ಲಿ ಎಸ್‌ಪಿ ದರ್ಜೆ ಬಂದವು. ಎಸ್‌ಪಿಯಲ್ಲಿ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ನಡೆಸುವ ಸರಪಳಿ, ಅದರ ಸವೆತದ ಪರೀಕ್ಷೆ ಕೂಡ ಸೇರಿದೆ. ಹಾಗಾಗಿ ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ಓದಿ. ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡು (ಆಯಿಲ್ ಎಷ್ಟು ಮಂದ ಅನ್ನುವುದು) ಇರಬೇಕು, ಜೊತೆಗೆ ಎಸ್‌ಪಿ ಅಥವಾ ಕಂಪನಿ ಕೇಳುವ ಅದಕ್ಕೆ ಸಮನಾದ ದರ್ಜೆ ಇರಬೇಕು. ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂದರೆ ಸುಮ್ನೆ ಒಪ್ಪಬೇಡಿ.

ಇನ್ನರ್ಧ ಮದ್ದು ನಮ್ಮ ಎಡಗೈಯಲ್ಲಿದೆ. ಮೈಲೇಜ್ ಉಳಿಸಲು ಟಾಪ್ ಗೇರಿನಲ್ಲೇ ದಿಬ್ಬ ಹತ್ತಿಸುವುದು ನಮ್ಮಲ್ಲಿ ತುಂಬಾ ಜನರ ಅಭ್ಯಾಸ. ಸಾದಾ ಎಂಜಿನ್ ಆದರೆ ಗೊಣಗಿ, ನಡುಗಿ ನಿಮ್ಮ ಕೈಯಲ್ಲಿ ಗೇರ್ ಇಳಿಸುತ್ತದೆ. ಟರ್ಬೊ ಗೊಣಗುವುದಿಲ್ಲ, 1,300 ಆರ್‌ಪಿಎಂನಲ್ಲೂ ಎಳೆಯುತ್ತದೆ. ಅಪಾಯ ಇರುವುದು ಅಲ್ಲೇ. ಟರ್ಬೊ ಕಾರಿನಲ್ಲಿ ದಿಬ್ಬ ಬಂದರೆ, ಕಾರಿನಲ್ಲಿ ಐದು ಜನ ಕೂತಿದ್ದರೆ, ಗೇರ್ ಇಳಿಸಿ. 2,000 ಆರ್‌ಪಿಎಂ ಆಸುಪಾಸಿನಲ್ಲಿ ಇಟ್ಟು ಒತ್ತಿ.

ಪ್ರಶಸ್ತಿ ಗೆದ್ದ ಎಂಜಿನ್‌ಗಳ ಹಣೆಬರಹ

ಫೋರ್ಡಿನ 1.0 ಇಕೋಬೂಸ್ಟ್ 2012, 2013, 2014ರಲ್ಲಿ ಸತತವಾಗಿ ವರ್ಷದ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಗೆದ್ದಿತು. 2013ರಲ್ಲಿ ಇಕೋಸ್ಪೋರ್ಟ್ ಜೊತೆ ನಮ್ಮಲ್ಲಿಗೂ ಬಂತು. ಅದರಲ್ಲಿ ಚೈನಿನ ಬದಲು ಆಯಿಲಿನಲ್ಲಿ ಮುಳುಗಿ ಓಡುವ ಟೈಮಿಂಗ್ ಬೆಲ್ಟ್ ಇದೆ. ವರ್ಷಗಳು ಕಳೆದಂತೆ ಆ ಬೆಲ್ಟಿನ ಚೂರುಗಳು ಉದುರಿ ಆಯಿಲ್ ಹೀರುವ ಜಾಲರಿಯನ್ನು ಕಟ್ಟುವ ದೂರುಗಳು ಬಂದವು. ಆಯಿಲ್ ಪಂಪ್ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಮುರಿಯುವ ಕಾರಣಕ್ಕೆ 2023ರ ಕೊನೆಗೆ ಅಮೆರಿಕದಲ್ಲಿ ಫೋಕಸ್ ಮತ್ತು ಇಕೋಸ್ಪೋರ್ಟ್ ಸೇರಿ ಸುಮಾರು 1.4 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಯುರೋಪಿನಲ್ಲಿ ಪೂಜೊ, ಸಿಟ್ರೊಯೆನ್ ಕಾರುಗಳ ಕಂಪನಿ ಸ್ಟೆಲಾಂಟಿಸ್ಸಿನ 1.2 ಪ್ಯೂರ್‌ಟೆಕ್ ಎಂಜಿನ್ನಿಗೂ ಆಯಿಲಿನಲ್ಲಿ ಓಡುವ ಬೆಲ್ಟೇ ತಲೆನೋವಾಯಿತು. 2024ರಲ್ಲಿ ಕಂಪನಿ 10 ವರ್ಷ ಅಥವಾ 1,75,000 ಕಿ.ಮೀ. ತನಕ ರಕ್ಷಣೆ ಕೊಡಬೇಕಾಯಿತು.

ಪ್ರಶಸ್ತಿ ಕೊಡುವಾಗ ಎಂಜಿನ್ನಿಗೆ ವಯಸ್ಸಾಗಿರುವುದಿಲ್ಲ, ಅಲ್ವಾ? ತೊಂದರೆ ತಲೆ ಎತ್ತುವುದು ಏಳೆಂಟನೇ ವರ್ಷಕ್ಕೆ. ಅದಕ್ಕೇ ಹೊಸದಾಗಿ ಬಂದ ಎಂಜಿನ್ನಿಗಿಂತ ನಾಲ್ಕೈದು ವರ್ಷ ನಮ್ಮ ರಸ್ತೆಯಲ್ಲಿ ಓಡಿದ ಎಂಜಿನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನೂ ಕೆಲವು ಇವೆ. ಫೋಕ್ಸ್‌ವ್ಯಾಗನ್ ಗುಂಪಿನ ಹಳೆಯ ಇಎ888 1.8 ಟಿಎಸ್‌ಐ, ಅಂದರೆ ನಮ್ಮಲ್ಲಿ ಸ್ಕೋಡಾ ಲಾರಾ, ಸೂಪರ್ಬ್ ಕಾರುಗಳಲ್ಲಿ ಬಂದ ಟರ್ಬೊ ಪೆಟ್ರೋಲ್ ಎಂಜಿನ್, ಆಯಿಲ್ ಕುಡಿಯುವುದಕ್ಕೂ ಚೈನ್ ಟೆನ್ಷನರ್ ಕೈಕೊಡುವುದಕ್ಕೂ ಹೆಸರಾಯಿತು. ಬಿಎಂಡಬ್ಲ್ಯು 2010ರಲ್ಲಿ ಹೈ ಪ್ರೆಶರ್ ಪಂಪಿನ ತೊಂದರೆಗೆ ಅಮೆರಿಕದಲ್ಲಿ ಸುಮಾರು 1.3 ಲಕ್ಷ ಟ್ವಿನ್ ಟರ್ಬೊ ಕಾರು ವಾಪಸ್ ಕರೆಯಿತು. ಹೋಂಡಾ ಸಿಆರ್-ವಿಯ 1.5 ಟರ್ಬೊದಲ್ಲಿ 2018ರ ಹೊತ್ತಿಗೆ ಚೀನಾ ಮತ್ತು ಅಮೆರಿಕದ ಚಳಿ ಪ್ರದೇಶಗಳಲ್ಲಿ ಆಯಿಲಿಗೆ ಪೆಟ್ರೋಲು ಬೆರೆತು ಮಟ್ಟ ಏರತೊಡಗಿತು. ಎಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ಪ್ರಯಾಣ ಮುಗಿಯುತ್ತಿತ್ತು, ಅದೇ ಕಾರಣ. ಬೆಂಗಳೂರಿನಲ್ಲಿ ಆ ಚಳಿ ಇಲ್ಲ. ಆದರೆ ಮನೆಯಿಂದ ಶಾಲೆಗೆ ಎರಡು ಕಿ.ಮೀ., ಶಾಲೆಯಿಂದ ತರಕಾರಿ ಅಂಗಡಿಗೆ ಒಂದು ಕಿ.ಮೀ. ಅನ್ನುವ ಓಡಾಟ ಇಲ್ಲಿಯೂ ಇದೆ.

ಇದನ್ನೆಲ್ಲಾ ಓದಿ ಹೆದರಬೇಡಿ. ಫೋಕ್ಸ್‌ವ್ಯಾಗನ್ನಿನವರೇ ಮುಂದಿನ ಇಎ211 ಸರಣಿಯಲ್ಲಿ, ಅಂದರೆ ಈಗಿನ 1.0 ಮತ್ತು 1.5 ಟಿಎಸ್‌ಐಯಲ್ಲಿ, ಚೈನ್ ಬಿಟ್ಟು ಹೊರಗಡೆ ಓಡುವ ಒಣ ಬೆಲ್ಟಿಗೆ ಬಂದರು. ಇನ್ನೊಂದು ಮಾತು. ನಾವು ವರ್ಷಗಟ್ಟಲೆ ಕಣ್ಣುಮುಚ್ಚಿ ನಂಬಿದ ಸ್ವಿಫ್ಟ್ ಡೀಸೆಲ್ಲಿನ 1.3 ಡಿಡಿಐಎಸ್ ಎಂಜಿನ್ನಿನಲ್ಲೂ ಟರ್ಬೊ ಇತ್ತು, ಡೈರೆಕ್ಟ್ ಇಂಜೆಕ್ಷನ್ನೂ ಇತ್ತು. ಟ್ಯಾಕ್ಸಿಗಳು ಅದನ್ನು ಲಕ್ಷಗಟ್ಟಲೆ ಕಿ.ಮೀ. ಓಡಿಸಿದವು. ಡೀಸೆಲ್ ಎಂಜಿನ್ನನ್ನು ಮೊದಲಿನಿಂದಲೂ ಆ ಹೊಡೆತಕ್ಕೆ ಗಟ್ಟಿಯಾಗಿ ಕಟ್ಟಿರುತ್ತಾರೆ. ಪೆಟ್ರೋಲಿನವರು ಅದನ್ನು ಈಗ ಕಲಿಯುತ್ತಿದ್ದಾರೆ.

ನಿಮಗೆ ಯಾವುದು

ನನ್ನ ತಂಗಿ ಇರುವುದು ರಾಜಾಜಿನಗರದಲ್ಲಿ. ಮಕ್ಕಳ ಶಾಲೆ, ಬ್ಯಾಂಕು, ಅಮ್ಮನ ಮನೆ, ಎಲ್ಲಾ ಐದು ಕಿ.ಮೀ. ಒಳಗೆ. ವರ್ಷಕ್ಕೆ ಆರು ಸಾವಿರ ಕಿ.ಮೀ. ಓಡಿದರೆ ಹೆಚ್ಚು. ಒಮ್ಮೆ ತಗೊಂಡ ಕಾರನ್ನು ಹನ್ನೆರಡು ವರ್ಷ ಇಟ್ಟುಕೊಳ್ಳುವ ಜಾಯಮಾನ. ಅವಳಿಗೆ ನಾನು ಯೋಚಿಸದೆ ಹೇಳಿದ್ದು, ಸಾದಾ ಎಂಪಿಎಫ್‌ಐ ತಗೋ. ಅವಳ ಓಡಾಟದಲ್ಲಿ ಟರ್ಬೊದ ಎಳೆತ ಬಳಕೆಗೇ ಬರುವುದಿಲ್ಲ, ತೊಂದರೆಗಳು ಮಾತ್ರ ಬರುತ್ತವೆ. ಕೈಯಲ್ಲಿ ಇನ್ನೂ ದುಡ್ಡಿದ್ದರೆ ಟೊಯೋಟಾ ಹೈರೈಡರ್ ಅಥವಾ ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರೂ ಇರುವ ಕಾರು, ನೋಡಬಹುದು. ಅದರ 1.5 ಎಂಜಿನ್ನಿಗೆ ಟರ್ಬೊ ಇಲ್ಲ, ಡೈರೆಕ್ಟ್ ಇಂಜೆಕ್ಷನ್ನೂ ಇಲ್ಲ. ಊರೊಳಗಿನ ಮೈಲೇಜಿನಲ್ಲಿ ಅದಕ್ಕೆ ಸಾಟಿ ಇಲ್ಲ.

ಭಾವನ ವಿಷಯ ಬೇರೆ. ಅವರು ಹಾಸನದವರು. ತಿಂಗಳಿಗೆ ಎರಡು ಮೂರು ಸಲ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತಾರೆ. ಘಾಟಿಯಲ್ಲಿ ಮುಂದೆ ಟ್ಯಾಂಕರ್ ತೆವಳುತ್ತಿರುತ್ತದೆ, ಓವರ್‌ಟೇಕಿಗೆ ಸಿಗುವುದು ಕೆಲವೇ ಸೆಕೆಂಡು. ಹ್ಯುಂಡೈ ಕ್ರೆಟಾದ 1.5 ಸಾದಾ ಎಂಜಿನ್ 144 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುವುದು 4,500 ಆರ್‌ಪಿಎಂಗೆ. ಅದೇ ಕಾರಿನ 1.5 ಟರ್ಬೊ 253 ಎನ್‌ಎಂ ಟಾರ್ಕನ್ನು 1,500ರಿಂದಲೇ ಕೊಡುತ್ತದೆ. ಎತ್ತರದ ಲೆಕ್ಕವನ್ನೂ ಸೇರಿಸಿ. ಬೆಂಗಳೂರು, ಹಾಸನ ಎಲ್ಲಾ ಸಮುದ್ರಮಟ್ಟದಿಂದ ಸುಮಾರು 900 ಮೀಟರಿನ ಮೇಲಿವೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಸಾದಾ ಎಂಜಿನ್ನಿನ ಶಕ್ತಿಯಲ್ಲಿ ನೂರಕ್ಕೆ ಎಂಟೊಂಬತ್ತು ಪಾಲು ಹೋಗಿಬಿಡುತ್ತದೆ. ಮಡಿಕೇರಿಗೆ ಹತ್ತಿದರೆ ಇನ್ನೂ ಸ್ವಲ್ಪ. ಟರ್ಬೊ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಭಾವನಿಗೆ ಟರ್ಬೊ ಸರಿ. ಉದ್ದ ಓಟದಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುತ್ತದೆ, ಆಯಿಲಿಗೆ ಸೇರಿದ ಪೆಟ್ರೋಲೂ ತೇವವೂ ಆವಿಯಾಗಿ ಹೋಗುತ್ತವೆ.

ಇವರಿಬ್ಬರ ಮಧ್ಯೆ ಬರುವವರೇ ಜಾಸ್ತಿ. ವಾರವೆಲ್ಲಾ ಸಿಟಿ, ತಿಂಗಳಿಗೊಮ್ಮೆ ಊರು. ಅವರಿಗೆ ಎಂಪಿಎಫ್‌ಐ ಟರ್ಬೊ. ಆರೇಳು ವರ್ಷಕ್ಕೆ ಕಾರು ಬದಲಾಯಿಸುವವರಾದರೆ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಕೂಡ ಆಗುತ್ತದೆ, ವಾರಂಟಿಯನ್ನು ಸಿಗುವಷ್ಟು ವರ್ಷ ವಿಸ್ತರಿಸಿಕೊಂಡರೆ. ಆ ವಾರಂಟಿಯಲ್ಲಿ ಟರ್ಬೊ, ಹೈ ಪ್ರೆಶರ್ ಪಂಪ್, ಇಂಜೆಕ್ಟರ್ ಈ ಮೂರೂ ಸೇರಿವೆಯಾ ಅಂತ ಬರಹದಲ್ಲಿ ನೋಡಿ. ಬಾಯಿಮಾತು ಬೇಡ. 2021ರಲ್ಲಿ ಸ್ಕೋಡಾ ಕುಶಾಕ್ ಹೊಸದಾಗಿ ಬಂದಾಗ ಕೆಲವು ಕಾರುಗಳಲ್ಲಿ ಫ್ಯೂಯಲ್ ಪಂಪ್ ಕೈಕೊಟ್ಟಿತ್ತು. ಕಂಪನಿ ಗಟ್ಟಿ ಪಂಪ್ ಹಾಕಿಕೊಟ್ಟಿತು. ವಾರಂಟಿ ಮುಗಿದ ಮೇಲೆ ಅಂಥದ್ದು ಬಂದರೆ ಬಿಲ್ ನಮ್ಮದೇ.

ಆಟೊಮ್ಯಾಟಿಕ್ ಬೇಕಾದವರು ಗೇರ್‌ಬಾಕ್ಸನ್ನೂ ಅಷ್ಟೇ ಗಮನದಿಂದ ನೋಡಬೇಕು. ಟರ್ಬೊ ಕಾರಿನ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಎಂಜಿನ್ನಿನದಲ್ಲ, ಡ್ರೈ ಕ್ಲಚ್ ಡಿಸಿಟಿಯದು, ಅಂದರೆ ಆಯಿಲಿನಲ್ಲಿ ಮುಳುಗದ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ಕಿನದು. ಫೋಕ್ಸ್‌ವ್ಯಾಗನ್ 2013ರಲ್ಲಿ ಚೀನಾ ಒಂದರಲ್ಲೇ ಡಿಎಸ್‌ಜಿ (ಡಿಸಿಟಿಗೆ ಅವರು ಇಟ್ಟ ಹೆಸರು) ಗೇರ್‌ಬಾಕ್ಸಿನ ತೊಂದರೆಗೆ 3.84 ಲಕ್ಷ ಕಾರು ವಾಪಸ್ ಕರೆದಿತ್ತು. ಸಿಲ್ಕ್ ಬೋರ್ಡಿನಂಥ ಜಾಗದಲ್ಲಿ ಇಂಚಿಂಚು ತೆವಳುವಾಗ ಆ ಕ್ಲಚ್ ಬಿಸಿಯಾಗುತ್ತಲೇ ಇರುತ್ತದೆ. ಸಿಟಿಗೆ ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ಚಿನ ಬದಲು ಆಯಿಲಿನ ಮೂಲಕ ಶಕ್ತಿ ದಾಟಿಸುವ ಆಟೊಮ್ಯಾಟಿಕ್, ಇರುವುದನ್ನೇ ಆರಿಸಿ. ಫ್ರಾಂಕ್ಸ್ ಟರ್ಬೊ, 3ಎಕ್ಸ್‌ಒ, 1.0 ಟಿಎಸ್‌ಐ ಕಾರುಗಳಲ್ಲಿ ಅದು ಸಿಗುತ್ತದೆ.

ಕಿ.ಮೀ. ಅಲ್ಲ, ಗಂಟೆ ಎಣಿಸಿ

ಟರ್ಬೊ ತಗೊಂಡರೆ ಪಾಲಿಸಲೇಬೇಕಾದ ಒಂದು ನಿಯಮ ಆಯಿಲಿನದು. ಕಂಪನಿಗಳು 10,000 ಅಥವಾ 15,000 ಕಿ.ಮೀ., ಇಲ್ಲವೇ ಒಂದು ವರ್ಷ ಅನ್ನುತ್ತವೆ. ಹೈವೇಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿ ಓಡಿದರೆ 10,000 ಕಿ.ಮೀ. ಅಂದರೆ ಎಂಜಿನ್ 167 ಗಂಟೆ ಓಡಿದ ಹಾಗೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗೆ 18 ಕಿ.ಮೀ. ಸರಾಸರಿ ಬಂದರೆ ಅದೇ 10,000ಕ್ಕೆ 556 ಗಂಟೆ. ಮೀಟರಿನಲ್ಲಿ ಅದೇ ಅಂಕಿ, ಆಯಿಲ್ ಬೆಂದದ್ದು ಮೂರು ಪಟ್ಟಿಗೂ ಜಾಸ್ತಿ. ಸಿಟಿಯಲ್ಲಿ ಓಡಿಸುವವರು ಟರ್ಬೊ ಕಾರಿಗೆ 7,000 ಕಿ.ಮೀ. ಅಥವಾ ಎಂಟು ತಿಂಗಳಿಗೆ ಆಯಿಲ್ ಬದಲಾಯಿಸಿ. ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಜಾಸ್ತಿ ಆಗುತ್ತದೆ. ಒಂದು ಟರ್ಬೊದ ಬೆಲೆಗೆ ಹೋಲಿಸಿದರೆ ಅದು ಏನೂ ಅಲ್ಲ.

ತಿಂಗಳಿಗೊಮ್ಮೆ ಆಯಿಲಿನ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಮಟ್ಟ ಇಳಿದಿದ್ದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಆಯಿಲಿಗೆ ಪೆಟ್ರೋಲು ಸೇರುತ್ತಿದೆ. ಘಾಟಿ ಹತ್ತಿದ ಮೇಲೆ, ಹೈವೇಯಲ್ಲಿ ಜೋರಾಗಿ ಬಂದ ಮೇಲೆ ತಕ್ಷಣ ಆಫ್ ಮಾಡಬೇಡಿ. ಕೊನೆಯ ಒಂದು ಕಿ.ಮೀ. ನಿಧಾನಕ್ಕೆ ಬನ್ನಿ, ಇಲ್ಲವೇ ಒಂದು ನಿಮಿಷ ಹಾಗೇ ಬಿಡಿ.

ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿನ ಬಗ್ಗೆಯೂ ಕೇಳುತ್ತಾರೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಅದನ್ನು ಬಿಡುಗಡೆ ಮಾಡಿದ್ದು. ಎಥನಾಲ್ ಸೇರಿದರೆ ಆಕ್ಟೇನ್ ಏರುತ್ತದೆ, ಅದು ಟರ್ಬೊಗೆ ಒಳ್ಳೆಯದೇ. ಮೈಲೇಜ್ ಮಾತ್ರ ಸ್ವಲ್ಪ ಇಳಿಯುತ್ತದೆ. ಹೊಸ ಕಾರಿಗೆ ಚಿಂತೆ ಬೇಡ. 2023ಕ್ಕಿಂತ ಹಳೆಯ ಕಾರು ತಗೊಳ್ಳುವುದಾದರೆ ಅದರ ಪುಸ್ತಕದಲ್ಲಿ ಎಷ್ಟು ಎಥನಾಲಿಗೆ ಒಪ್ಪಿಗೆ ಇದೆ ಅಂತ ನೋಡಿ.

ಸೆಕೆಂಡ್ ಹ್ಯಾಂಡ್ ಟರ್ಬೊ ನೋಡಲು ಹೋಗುವವರಿಗೆ

ಹಿಂದಿನ ದಿನವೇ ಫೋನ್ ಮಾಡಿ ಹೇಳಿ: "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ." ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬನ್ನಿ. ನನ್ನ ಕಾರಿನ ನಡುಕ ಬಿಸಿಯಾದ ಎಂಜಿನ್ನಿನಲ್ಲಿ ಕಾಣುತ್ತಲೇ ಇರಲಿಲ್ಲ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡು ಚೈನ್ ಗಲಗಲ ಅನ್ನುತ್ತದಾ ಕೇಳಿ. ಸ್ನೇಹಿತರನ್ನು ಹಿಂದೆ ನಿಲ್ಲಿಸಿ ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದಾ ನೋಡಲು ಹೇಳಿ.

ಆಮೇಲೆ ಸರ್ವಿಸ್ ಬಿಲ್‌ಗಳನ್ನು ಕೇಳಿ, ಆಯಿಲ್ ಬದಲಾಯಿಸಿದ ತಾರೀಖುಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದುಕೊಳ್ಳಿ. ಮಧ್ಯೆ ಎಲ್ಲಾದರೂ ಒಂದೂವರೆ ವರ್ಷದ ಅಂತರ ಕಂಡರೆ, ಕಾರು ಎಷ್ಟೇ ಹೊಳೆಯುತ್ತಿರಲಿ, ನಾನಾಗಿದ್ದರೆ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಮುಂದಿನ ಕಾರು ನೋಡಲು ಹೋಗುತ್ತೇನೆ.